ನೀಲಿ ಪರದೆ, ಬಿಚ್ಚದ ಜಿಪ್ ಫೈಲು, ನಾಲ್ಕು ರ‍್ಯಾಮ್ ಸ್ಟಿಕ್: ಕಳ್ಳ ಯಾರು?

ಅಚ್ಚುಮನೆ
ಭಾನುವಾರ, ರಾತ್ರಿ 10:40

ಧಾರವಾಡದಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ನನ್ನದು. ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ವರ್ಷಕ್ಕೆ ನಾಲ್ಕೈದು ಪುಸ್ತಕ. ಮೂರು ವಾರದಿಂದ ಕಂಪ್ಯೂಟರ್ ನನ್ನ ಜೀವ ಹಿಂಡುತ್ತಿದೆ.

ಮಷಿನ್ 2020ರಲ್ಲಿ ಜೋಡಿಸಿದ್ದು. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಪುಸ್ತಕದ ಫೈಲುಗಳು ಭಾರವಾಗುತ್ತಿವೆ ಅಂತ ಕಳೆದ ತಿಂಗಳು ಇನ್ನೆರಡು 8 ಜಿಬಿ ಸ್ಟಿಕ್ ಹಾಕಿಸಿದೆ. ಕಂಪನಿ ಬೇರೆ, ಆದರೆ ಅದರ ಮೇಲೂ ವೇಗ 3200 ಅಂತಲೇ ಬರೆದಿದೆ. ಈಗ ಒಟ್ಟು 32 ಜಿಬಿ.

ಅಲ್ಲಿಂದ ಶುರುವಾಯಿತು. ದಿನಕ್ಕೆರಡು ಸಲ ನೀಲಿ ಪರದೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅನ್ನುತ್ತದೆ, ಇನ್ನೊಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಮತ್ತೊಮ್ಮೆ ಐಆರ್‌ಕ್ಯೂಎಲ್ ಅಂತ ಏನೋ. ಬ್ರೌಸರ್ ಟ್ಯಾಬ್‌ಗಳು ತಾವಾಗಿಯೇ ಸಾಯುತ್ತವೆ. ಬ್ಯಾಕಪ್ ಜಿಪ್ ಬಿಚ್ಚಿದರೆ ಸಿಆರ್‌ಸಿ ಎರರ್, ಅಂದರೆ ಫೈಲಿನೊಳಗಿನ ತಾಳೆ ಲೆಕ್ಕ ಹೊಂದುತ್ತಿಲ್ಲ. ಅದೇ ಫೈಲನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಬಿಚ್ಚಿದರೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ.

ರಿಪೇರಿಯವರು ವಿಂಡೋಸ್ ಹೊಸದಾಗಿ ಹಾಕಿಕೊಟ್ಟರು. ಹಾಕುವಾಗಲೇ ಒಮ್ಮೆ ಅರ್ಧಕ್ಕೆ ನಿಂತಿತ್ತಂತೆ. ಮನೆಗೆ ತಂದ ದಿನವೇ ಮತ್ತೆ ನೀಲಿ. ಈಗ ಮದರ್‌ಬೋರ್ಡೇ ಹೋಗಿದೆ, ಬದಲಿಸಿ ಅನ್ನುತ್ತಿದ್ದಾರೆ. ವಿಂಡೋಸಿನದೇ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದೆ. ತಪ್ಪೇನೂ ಇಲ್ಲ ಅಂತ ಬಂತು. ಹಾಗಾದರೆ ರ‍್ಯಾಮ್ ಸರಿ ಇದೆ ಅಂತಲೇ ಅಲ್ವಾ? ದುಡ್ಡು ಸುರಿಯುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.


ಸ್ಕ್ರೂಡ್ರೈವರ್
ಭಾನುವಾರ, ರಾತ್ರಿ 11:05

ಹೊಸ ಸ್ಟಿಕ್ ಹಾಕಿದ ಮೇಲೆ ಶುರುವಾಯಿತು ಅಂತ ನೀವೇ ಹೇಳುತ್ತಿದ್ದೀರಿ. ಇನ್ನೇನು ಬೇಕು? ಹೊಸ ಎರಡನ್ನೂ ಕಿತ್ತು ವಾಪಸ್ ಕೊಡಿ. ಎರಡು ಕಂಪನಿಯ ರ‍್ಯಾಮ್ ಒಟ್ಟಿಗೆ ಹಾಕುವುದು ಅಂದರೆ ಅತ್ತೆ ಸೊಸೆಯನ್ನು ಒಂದೇ ಒಲೆಯ ಮುಂದೆ ನಿಲ್ಲಿಸಿದ ಹಾಗೆ.


ಬೈಟೂಕಾಫಿ
ಭಾನುವಾರ, ರಾತ್ರಿ 11:30

ಸ್ಕ್ರೂಡ್ರೈವರ್ ಹೇಳಿದ್ದು ನಿಜ ಇರಬಹುದು. ಆದರೆ ಈಗಲೇ ತೀರ್ಪು ಬೇಡ. ನಾನು ಹತ್ತು ವರ್ಷ ಇದೇ ಕೆಲಸ ಮಾಡಿದವನು. ಹೊಸದು ಬಂದಾಗ ಹಳೆಯದರ ರೋಗ ಹೊರಬಿದ್ದಿದ್ದನ್ನೂ ನೋಡಿದ್ದೇನೆ.

ಮೊದಲು ವಿಂಡೋಸ್ ಪರೀಕ್ಷೆಯ ಮಾತು. ಅದರ ಮಾಮೂಲಿ ಓಟ ಚಿಕ್ಕದು, ಸುಲಭದ್ದು. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸದಿದ್ದರೆ ಎಷ್ಟೋ ತಪ್ಪು ಅದರ ಕಣ್ಣಿಗೆ ಬೀಳುವುದಿಲ್ಲ. ಅದು ತಪ್ಪಿದೆ ಅಂದರೆ ನಂಬಿ. ತಪ್ಪಿಲ್ಲ ಅಂದರೆ ನಂಬಬೇಡಿ.

ಕ್ಯಾಬಿನೆಟ್ ಬಿಚ್ಚುವ ಮುಂಚೆ ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ. ಮೂರ್ನಾಲ್ಕು ಜಿಬಿಯ ದೊಡ್ಡ ಫೈಲೊಂದನ್ನು ಹಿಡಿಯಿರಿ. 7-ಜಿಪ್ ಹಾಕಿದ್ದರೆ ರೈಟ್ ಕ್ಲಿಕ್ ಮಾಡಿದಾಗ ಎಸ್‌ಎಚ್‌ಎ-256, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಲೆಕ್ಕ ಹಾಕುವ ಮೆನು ಬರುತ್ತದೆ. ಅದೇ ಫೈಲಿಗೆ ಐದಾರು ಸಲ ಲೆಕ್ಕ ಹಾಕಿಸಿ. ಫೈಲ್ ಬದಲಾಗಿಲ್ಲ, ಹಾಗಾಗಿ ಉತ್ತರವೂ ಬದಲಾಗಬಾರದು. ಬದಲಾದರೆ ಓದುವ ದಾರಿಯಲ್ಲಿ ಯಾರೋ ಕೈಯಾಡಿಸುತ್ತಿದ್ದಾರೆ ಅಂತ ಅರ್ಥ. ನೂರಕ್ಕೆ ತೊಂಬತ್ತು ಸಲ ಅದು ರ‍್ಯಾಮ್. ಈ ತೊಂಬತ್ತು ನನ್ನ ಅಂದಾಜು, ಯಾವ ಸರ್ವೆಯೂ ಅಲ್ಲ.


ಅಚ್ಚುಮನೆ
ಸೋಮವಾರ, ಬೆಳಿಗ್ಗೆ 9:15

ಮಾಡಿದೆ. ಆರು ಸಲ. ನಾಲ್ಕು ಸಲ ಒಂದೇ ಉತ್ತರ, ಎರಡು ಸಲ ಬೇರೆ. ಆ ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ನನಗೆ ಮೈ ಜುಂ ಅಂದಿತು. ಈ ಮಷಿನ್ನಿನಿಂದಲೇ ನಾನು ಪ್ರೆಸ್ಸಿಗೆ ಫೈಲ್ ಕಳಿಸುವುದು.


ಬೈಟೂಕಾಫಿ
ಸೋಮವಾರ, ಬೆಳಿಗ್ಗೆ 9:40

ಸದ್ಯಕ್ಕೆ ಹೊಸ ಬ್ಯಾಕಪ್ ತೆಗೆಯಬೇಡಿ. ಹಳೇ ಬ್ಯಾಕಪ್ ಡಿಸ್ಕನ್ನು ಈ ಮಷಿನ್ನಿಗೆ ಚುಚ್ಚಲೇಬೇಡಿ. ಇದು ಮೊದಲ ಮಾತು. ಕೆಟ್ಟ ರ‍್ಯಾಮಿನ ಮೂಲಕ ಹಾದುಹೋದ ಬ್ಯಾಕಪ್ ಒಳ್ಳೆಯ ಪ್ರತಿಯ ಮೇಲೆ ಕೆಟ್ಟದ್ದನ್ನು ಬರೆದು ಕೂರುತ್ತದೆ. ಇವತ್ತಿನ ತುರ್ತು ಕೆಲಸ ಲ್ಯಾಪ್‌ಟಾಪಿನಲ್ಲಿ ಮಾಡಿಕೊಳ್ಳಿ.

ರಾತ್ರಿ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿ. ಉಚಿತ. ಹೊಸ ಆವೃತ್ತಿ ಇಳಿಸಿಕೊಳ್ಳಿ, 6ರಿಂದ ಈಚೆಯದು. ಹಳೆಯವು ಈಗಿನ ಬೋರ್ಡುಗಳ ಯುಇಎಫ್‌ಐ ಬೂಟಿಗೆ ಒಗ್ಗುವುದಿಲ್ಲ. ಪೆನ್‌ಡ್ರೈವಿಗೆ ಬರೆದು ಅದರಿಂದ ಬೂಟ್ ಮಾಡಿ. ಪೆನ್‌ಡ್ರೈವ್ ಏಳದಿದ್ದರೆ ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ. ಇದೇ ಹೆಸರಿನ ಇನ್ನೊಂದಿದೆ, ಪ್ಲಸ್ ಇಲ್ಲದ ಮೆಮ್‌ಟೆಸ್ಟ್86. ಅದೂ ಒಳ್ಳೆಯದೇ. ಅದರ ಉಚಿತ ಆವೃತ್ತಿ 4 ಸುತ್ತಿಗೆ ನಿಲ್ಲುತ್ತದೆ, ಅಷ್ಟೇ. ನಾಲ್ಕೂ ಸ್ಟಿಕ್ ಇದ್ದ ಹಾಗೇ ಇರಲಿ. ಎಕ್ಸ್‌ಎಂಪಿ, ಅಂದರೆ ಸ್ಟಿಕ್ಕನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಬಯೋಸ್ ಸೆಟ್ಟಿಂಗ್, ಆನ್ ಇದ್ದರೆ ಆನೇ ಇರಲಿ. ರೋಗ ಇದ್ದ ಸ್ಥಿತಿಯಲ್ಲೇ ಮೊದಲ ನಾಡಿ ಹಿಡಿಯಬೇಕು.

ತಪ್ಪು ಬಂದರೆ ಎಷ್ಟು ಅನ್ನುವುದಕ್ಕಿಂತ ಎಂಥದು ಅನ್ನುವುದು ಮುಖ್ಯ. ಇರಬೇಕಾದದ್ದು ಏನು, ಸಿಕ್ಕಿದ್ದು ಏನು ಅಂತ ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ.


ಕಡಲತಡಿ
ಸೋಮವಾರ, ಮಧ್ಯಾಹ್ನ 1:20

ಟೆಸ್ಟ್ ಮಾಡುವ ಮುಂಚೆ ಸ್ಟಿಕ್‌ಗಳನ್ನು ಒಮ್ಮೆ ತೆಗೆದು ಹಾಕಿ ನೋಡಬಹುದಲ್ಲ? ನಮ್ಮ ಕಡೆ, ಮಂಗಳೂರು ಉಡುಪಿಯಲ್ಲಿ, ಉಪ್ಪುಗಾಳಿಗೆ ಚಿನ್ನದ ಕಾಲುಗಳ ಮೇಲೆ ಕಲೆ ಕೂರುತ್ತದೆ. ಎರಡು ಮಳೆಗಾಲ ಕಳೆದರೆ ಸಾಕು. ರಬ್ಬರಿನಿಂದ ಉಜ್ಜಿ ಹಾಕಿದರೆ ಎಷ್ಟೋ ಮಷಿನ್ ಎದ್ದು ಕೂರುತ್ತವೆ. ಒಮ್ಮೆ ಸ್ಲಾಟಿನೊಳಗೆ ಇರುವೆ ಸಂಸಾರವೇ ಇತ್ತು.


ಬೈಟೂಕಾಫಿ
ಸೋಮವಾರ, ಮಧ್ಯಾಹ್ನ 2:00

ಇರುವೆ ಸಂಸಾರ ನಾನೂ ನೋಡಿದ್ದೇನೆ. ಹಲ್ಲಿ ಮೊಟ್ಟೆ ಕೂಡ.

ಆದರೆ ಈಗಲೇ ತೆಗೆದು ಹಾಕಿದರೆ ಒಂದು ತೊಂದರೆ. ಹೊಂದಿಕೆ ಸಡಿಲವಾಗಿದ್ದರೆ ಅದು ಸರಿಹೋಗುತ್ತದೆ, ಯಾವ ಸ್ಟಿಕ್ ಅನ್ನುವುದು ಮಾತ್ರ ಗೊತ್ತೇ ಆಗುವುದಿಲ್ಲ. ಮೊದಲು ಒಂದು ಓಟ ಆಗಲಿ.

ರಬ್ಬರ್ ವಿಷಯ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲೂ ಇದೇ ಮದ್ದು. ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಚಿನ್ನದ ಲೇಪ ತೀರಾ ತೆಳು. ವರ್ಷಕ್ಕೆರಡು ಸಲ ಉಜ್ಜಿದರೆ ಒಳಗಿನ ಲೋಹ ಹೊರಗೆ ಬರುತ್ತದೆ, ಆಮೇಲೆ ಕಲೆ ಇನ್ನೂ ಬೇಗ ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಸ್ಲಾಟಿಗೆ ಬಾಯಿಂದ ಊದುವುದನ್ನಂತೂ ಬಿಟ್ಟುಬಿಡಿ. ಗಾಳಿಗಿಂತ ಎಂಜಲೇ ಜಾಸ್ತಿ ಹೋಗುತ್ತದೆ.


ಹಳೇಗಾಡಿ
ಸೋಮವಾರ, ಸಂಜೆ 6:10

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಜಿ41 ಬೋರ್ಡು, ಡಿಡಿಆರ್3. ಆನ್‌ಲೈನಿನಲ್ಲಿ 4 ಜಿಬಿ ಸ್ಟಿಕ್ ತರಿಸಿದೆ. ಹಾಕಿದರೆ ಉದ್ದಕ್ಕೆ ಬೀಪ್ ಬೀಪ್ ಅಷ್ಟೇ. ಪರದೆ ಕಪ್ಪು. ಅದೇ ಸ್ಟಿಕ್ ತಮ್ಮನ ಮಷಿನ್ನಿನಲ್ಲಿ ಓಡುತ್ತದೆ. ನನ್ನ ಸ್ಲಾಟ್ ಸತ್ತಿದೆಯಾ?


ಬೈಟೂಕಾಫಿ
ಸೋಮವಾರ, ಸಂಜೆ 6:35

ಸ್ಟಿಕ್ ಮೇಲಿನ ಕಪ್ಪು ಚಿಪ್‌ಗಳನ್ನು ಎಣಿಸಿ. ಒಂದೇ ಕಡೆ 8 ಇದ್ದರೆ ಅದೇ ಕಾರಣ. ಜಿ41ಕ್ಕೆ 4 ಜಿಬಿ ಸ್ಟಿಕ್ ಬೇಕಾದರೆ ಎರಡೂ ಕಡೆ ಸೇರಿ 16 ಚಿಪ್ ಇರುವುದು ಬೇಕು. ದಟ್ಟವಾದ ಚಿಪ್‌ಗಳನ್ನು ಆ ಹಳೇ ಚಿಪ್‌ಸೆಟ್ ಓದಲಾರದು. ಸ್ಟಿಕ್ ಕೆಟ್ಟಿಲ್ಲ, ಸ್ಲಾಟೂ ಕೆಟ್ಟಿಲ್ಲ, ಜಾತಕ ಕೂಡಿಲ್ಲ ಅಷ್ಟೇ. ಹಾಗೆಯೇ ಎಎಂಡಿಗೆ ಮಾತ್ರ ಅಂತ ಬರೆದ ಅಗ್ಗದ ಡಿಡಿಆರ್3 ಸ್ಟಿಕ್‌ಗಳೂ ಬರುತ್ತವೆ. ಇಂಟೆಲ್ ಬೋರ್ಡಿನವರು ಅವುಗಳ ಹತ್ತಿರ ಹೋಗಬೇಡಿ.


ಹಳೇಗಾಡಿ
ಸೋಮವಾರ, ಸಂಜೆ 6:50

ಎಣಿಸಿದೆ. 8. ವಾಪಸ್ ಕಳಿಸುತ್ತೇನೆ. ಧನ್ಯವಾದ, ಗಾಡಿ ಮುಂದೆ ಹೋಗಲಿ.


ಅಚ್ಚುಮನೆ
ಮಂಗಳವಾರ, ಬೆಳಿಗ್ಗೆ 7:30

ರಾತ್ರಿ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು. ಸಾವಿರಕ್ಕಿಂತ ಜಾಸ್ತಿ ತಪ್ಪು. ಫೋಟೊ ನೋಡುತ್ತಾ ಬರೆಯುತ್ತಿದ್ದೇನೆ. ತಪ್ಪುಗಳಲ್ಲಿ ಎರಡು ತರ ಇವೆ ಅನ್ನಿಸುತ್ತದೆ. ಕೆಲವು ಸಾಲುಗಳಲ್ಲಿ ಸಿಕ್ಕ ಬೆಲೆ ಎಲ್ಲೆಂದರಲ್ಲಿ ಕೆಟ್ಟಿದೆ, ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಇನ್ನು ಕೆಲವು ಸಾಲುಗಳಲ್ಲಿ ಮಾತ್ರ ಇರಬೇಕಾದದ್ದು ಬರೀ ಸೊನ್ನೆ, ಸಿಕ್ಕಿದ್ದು 20000. ಅದೇ ಸಂಖ್ಯೆ ಮತ್ತೆ ಮತ್ತೆ. ಇದೇನಿದು?


ಬೈಟೂಕಾಫಿ
ಮಂಗಳವಾರ, ಬೆಳಿಗ್ಗೆ 8:20

ಒಳ್ಳೆಯ ಕಣ್ಣು ನಿಮ್ಮದು. ಪ್ರೂಫ್ ನೋಡಿದ ಕಣ್ಣು ಅಲ್ವಾ!

ನಿಮಗೆ ಒಬ್ಬ ಕಳ್ಳ ಅಲ್ಲ, ಇಬ್ಬರು ಇದ್ದಾರೆ ಅಂತ ನನ್ನ ಗುಮಾನಿ. ಎಲ್ಲೆಂದರಲ್ಲಿ ಕೆಡುವುದು ಸಾಮಾನ್ಯವಾಗಿ ವೇಗದ ಸಮಸ್ಯೆ. ಡಿಡಿಆರ್4ರ ಮಾಮೂಲಿ ವೋಲ್ಟೇಜ್ 1.2. ನಿಮ್ಮಂಥ 3200 ಸ್ಟಿಕ್‌ಗಳು ಎಕ್ಸ್‌ಎಂಪಿ ಹಾಕಿದಾಗ ಹೆಚ್ಚಾಗಿ 1.35ಕ್ಕೆ ಏರುತ್ತವೆ. ಸ್ಟಿಕ್ ಮೇಲೆ 3200 ಅಂತ ಬರೆದಿರುವುದು ಸ್ಟಿಕ್ಕಿನ ಮಾತು. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಕೂಡ ಒಪ್ಪಬೇಕಲ್ಲ? ನಿಮ್ಮ ರೈಜನ್ ಎರಡು ಸ್ಟಿಕ್ ಇದ್ದಾಗ 3200ಕ್ಕೆ ಭರವಸೆ ಕೊಡುತ್ತದೆ. ನಾಲ್ಕು ತುಂಬಿದರೆ ಎಎಂಡಿ ಹೇಳುವ ಮಿತಿ, ಚಿಪ್‌ಗಳ ಒಂದೇ ಗುಂಪಿರುವ ಸಿಂಗಲ್ ರ‍್ಯಾಂಕ್ ಸ್ಟಿಕ್‌ಗಳಿಗೆ 2933, ಎರಡು ಗುಂಪಿನ ಡ್ಯುಯಲ್ ರ‍್ಯಾಂಕಿಗೆ 2667. ಅದರ ಮೇಲೆ ಓಡಿದರೆ ನಿಮ್ಮ ಅದೃಷ್ಟ. ನಾಲ್ಕು ಚೀಲ ಹೊತ್ತವನಿಗೆ ಎರಡು ಚೀಲ ಹೊತ್ತಷ್ಟೇ ಜೋರಾಗಿ ಓಡು ಅಂದರೆ ಹೇಗೆ.

20000 ಮಾತ್ರ ಬೇರೆ ಕಥೆ. ಒಂದೇ ಬಿಟ್, ಅಂದರೆ 0 ಇಲ್ಲವೇ 1 ಇಟ್ಟುಕೊಳ್ಳುವ ಒಂದೇ ಜಾಗ, ಪದೇ ಪದೇ ತಪ್ಪುವುದು ಅಂದರೆ ಎಲ್ಲೋ ಒಂದು ಚಿಪ್ಪಿನಲ್ಲಿ ಕಣ ಸತ್ತಿದೆ.

ಇವತ್ತು ಬಯೋಸಿಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ. ಬೇರೆ ಏನೂ ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮತ್ತೆ ಓಡಿಸಿ.


ಸ್ಕ್ರೂಡ್ರೈವರ್
ಮಂಗಳವಾರ, ಬೆಳಿಗ್ಗೆ 8:45

ಪವರ್ ಸಪ್ಲೈ ಯಾರೂ ಅನುಮಾನಿಸುತ್ತಿಲ್ಲ. ನನ್ನ ಅನುಭವದಲ್ಲಿ ಅರ್ಧ ರೋಗ ಅಲ್ಲಿಯೇ.


ಬೈಟೂಕಾಫಿ
ಮಂಗಳವಾರ, ಬೆಳಿಗ್ಗೆ 8:55

ಅನುಮಾನ ಪಟ್ಟಿಯಲ್ಲಿ ಇರಲಿ. ಆದರೆ ಪವರ್ ಸಪ್ಲೈ ಕೆಟ್ಟರೆ ಅದು ಹುಡುಕಿ ಹುಡುಕಿ ಒಂದೇ ಬಿಟ್ ಕೆಡಿಸುವುದಿಲ್ಲ.


ಅಚ್ಚುಮನೆ
ಬುಧವಾರ, ಬೆಳಿಗ್ಗೆ 7:10

ಎಕ್ಸ್‌ಎಂಪಿ ಆಫ್ ಆಯಿತು. ವೇಗ ಈಗ 2133 ತೋರಿಸುತ್ತಿದೆ. ಇಡೀ ರಾತ್ರಿ ಓಡಿತು. ಚದುರಿದ ತಪ್ಪುಗಳೆಲ್ಲ ಮಾಯ. ಉಳಿದಿದ್ದು 38 ತಪ್ಪು. ಮೂವತ್ತೆಂಟೂ 20000ದ ಜಾಗದಲ್ಲೇ. ಎಫ್‌ಗಳ ಉದ್ದ ಸಾಲು ಇರಬೇಕಾದ ಕಡೆ ಒಂದೇ ಒಂದು ಜಾಗದಲ್ಲಿ ಡಿ ಬಂದಿದ್ದೂ ಇದೆ. ಅದೂ ಅದೇ ಜಾಗ.

ಇಬ್ಬರು ಕಳ್ಳರು ಅಂದಿದ್ದಿರಿ. ಒಬ್ಬ ಸಿಕ್ಕ.


ಬೈಟೂಕಾಫಿ
ಬುಧವಾರ, ಬೆಳಿಗ್ಗೆ 8:00

ಇಲ್ಲಿ ಎಫ್, ಡಿ ಕೂಡ ಅಂಕಿಗಳೇ, ಹದಿನಾರರ ಲೆಕ್ಕದಲ್ಲಿ 15 ಮತ್ತು 13. ಎಫ್ ಬದಲು ಡಿ ಅಂದರೂ ಅದೇ ಬಿಟ್, 1 ಇರಬೇಕಾದಲ್ಲಿ 0 ಆಗಿದೆ. ಎರಡೂ ಕಡೆಗೆ ಹೊರಳುತ್ತಿದೆ.

ಈಗ ಒಂದೊಂದೇ ಸ್ಟಿಕ್ ಪರೀಕ್ಷೆ. ಕ್ಯಾಬಿನೆಟ್ ಬಿಚ್ಚುವಾಗ ವಯರ್ ಗೋಡೆಯಿಂದ ಕಿತ್ತಿರಿ. ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಖಾಲಿಯಾಗಲಿ. ನಿಮ್ಮ ಊರಲ್ಲಿ ಚಳಿಗಾಲದಲ್ಲಿ ಸ್ವೆಟರ್ ತೆಗೆದರೆ ಚಟಪಟ ಅನ್ನುತ್ತದಲ್ಲ, ಅದೇ ಕಿಡಿ ಚಿಪ್ಪಿಗೆ ಸಾಕು. ಸ್ಟಿಕ್ ಮುಟ್ಟುವ ಮುಂಚೆ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ. ಸ್ಟಿಕ್ಕನ್ನು ಅಂಚಿನಲ್ಲೇ ಹಿಡಿಯಿರಿ.

ಪ್ರತಿ ಸ್ಟಿಕ್ಕಿಗೂ ಚೀಟಿ ಅಂಟಿಸಿ, ಇಲ್ಲದಿದ್ದರೆ ಮೂರನೇ ಸುತ್ತಿಗೆ ಯಾವುದು ಯಾವುದೆಂದು ಮರೆಯುತ್ತದೆ. ಒಂಟಿ ಸ್ಟಿಕ್ ಯಾವಾಗಲೂ ಪ್ರೊಸೆಸರಿನಿಂದ ಎರಡನೇ ಸ್ಲಾಟಿನಲ್ಲಿ. ಹೆಚ್ಚಿನ ಬೋರ್ಡುಗಳಲ್ಲಿ ಅದರ ಹೆಸರು ಎ2. ಎರಡು ಸ್ಟಿಕ್ ಹಾಕುವಾಗ ಎರಡನೆಯದು ಮತ್ತು ನಾಲ್ಕನೆಯದು. ಪಕ್ಕಪಕ್ಕ ಹಾಕುವುದು ನಮ್ಮಲ್ಲಿ ತುಂಬ ಕಡೆ ನಡೆಯುವ ತಪ್ಪು.

ಕಳ್ಳ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ. ಅದನ್ನು ಇನ್ನೊಂದು ಸ್ಲಾಟಿಗೆ ಹಾಕಿ. ತಪ್ಪು ಸ್ಟಿಕ್ಕಿನ ಹಿಂದೆ ಹೋಯಿತಾ, ಸ್ಲಾಟಿನಲ್ಲೇ ಉಳಿಯಿತಾ? ಅದು ಗೊತ್ತಾಗದೆ ಸ್ಟಿಕ್ ಬೈಯುವುದು ಅನ್ಯಾಯ. ಸ್ಲಾಟಿನಲ್ಲೇ ಉಳಿದರೆ ಬೋರ್ಡು, ಇಲ್ಲವೇ ಪ್ರೊಸೆಸರಿನ ಪಿನ್ನು. ಕೂಲರ್ ಒಂದೇ ಕಡೆ ಬಿಗಿಯಾಗಿ ತಿರುಗಿಸಿ ಒಂದು ಚಾನೆಲ್ ಪೂರ್ತಿ ಮಾಯವಾಗಿದ್ದನ್ನು ನಾನೇ ಸರಿ ಮಾಡಿದ್ದೇನೆ.


ಡಿಡಿಆರ್5ಹೊಸಬ
ಬುಧವಾರ, ರಾತ್ರಿ 9:00

ನನ್ನದೂ ಒಂದು ಇದೆ. ಮೊನ್ನೆ ಡಿಡಿಆರ್5 ಮಷಿನ್ ಜೋಡಿಸಿದೆ. ಆನ್ ಮಾಡಿದರೆ ಬೋರ್ಡಿನಲ್ಲಿ ಡಿರ‍್ಯಾಮ್ ಅನ್ನುವ ಹಳದಿ ಲೈಟು ಉರಿಯುತ್ತದೆ, ಪರದೆ ಕಪ್ಪು. ಒಂದು ನಿಮಿಷ ಕಾದು ಆಫ್ ಮಾಡಿದೆ. ಹೀಗೆ ಎಂಟು ಸಲ. ಸ್ಟಿಕ್ ಡೆಡ್ ಅಂತ ದೂರು ಕೊಡಲಾ?


ಬೈಟೂಕಾಫಿ
ಬುಧವಾರ, ರಾತ್ರಿ 9:10

ಅಯ್ಯೋ, ಎಂಟು ಸಲ ಅದರ ಪಾಠ ಕೆಡಿಸಿದ್ದೀರಿ. ಡಿಡಿಆರ್5 ಮೊದಲ ಸಲ ಹಾಕಿದಾಗ ಬೋರ್ಡು ಅದರ ಜೊತೆ ಹೊಂದಿಕೊಳ್ಳಲು ಲೆಕ್ಕ ಹಾಕುತ್ತದೆ. ಟ್ರೇನಿಂಗ್ ಅಂತಾರೆ. ಹಲವು ನಿಮಿಷ ಹಿಡಿಯಬಹುದು. ಆನ್ ಮಾಡಿ, ಹೋಗಿ ಚಹಾ ಮಾಡಿಕೊಂಡು ಬನ್ನಿ.


ಡಿಡಿಆರ್5ಹೊಸಬ
ಬುಧವಾರ, ರಾತ್ರಿ 9:32

ಚಹಾ ಕುದಿಯುವಷ್ಟರಲ್ಲಿ ಬಂತು!! ನಾಚಿಕೆ ಆಗುತ್ತಿದೆ.


ಅಚ್ಚುಮನೆ
ಶುಕ್ರವಾರ, ರಾತ್ರಿ 8:30

ಎರಡು ದಿನ ಹಿಡಿಯಿತು, ಆದರೆ ಆಯಿತು. ಮಾಸ್ಕಿಂಗ್ ಟೇಪಿನಲ್ಲಿ ಅ, ಆ, ಇ, ಈ ಅಂತ ಬರೆದು ಅಂಟಿಸಿದೆ. ಅ ಮತ್ತು ಆ ಹಳೆಯವು. ಇ ಮತ್ತು ಈ ಹೊಸವು.

ಇ, ಒಂದೂ ತಪ್ಪಿಲ್ಲ. ಈ, ಒಂದೂ ತಪ್ಪಿಲ್ಲ. ಅ, ಒಂದೂ ತಪ್ಪಿಲ್ಲ. ಆ, ಎರಡನೇ ಸುತ್ತಿಗೇ 20000. ಅದನ್ನು ನಾಲ್ಕನೇ ಸ್ಲಾಟಿಗೆ ಹಾಕಿದೆ, ಅಲ್ಲೂ 20000. ಎರಡನೇ ಸ್ಲಾಟಿಗೆ ಮತ್ತೆ ಅ ಹಾಕಿದೆ, ಸ್ವಚ್ಛ. ಅಂದರೆ ಸ್ಲಾಟ್ ಸರಿ, ಬೋರ್ಡ್ ಸರಿ. ಕಳ್ಳ ನನ್ನ ಐದು ವರ್ಷದ ಹಳೇ ಗೆಳೆಯ. ಹೊಸಬರನ್ನು ಸುಮ್ನೆ ಬೈದೆ.

ಆದರೆ ಒಂದು ಅರ್ಥವಾಗುತ್ತಿಲ್ಲ. ಇದು ಹಳೇ ಸ್ಟಿಕ್ಕಿನ ತಪ್ಪಾದರೆ ಹೊಸದು ಹಾಕುವವರೆಗೆ ಯಾಕೆ ಸುಮ್ಮನಿತ್ತು?


ಸ್ಕ್ರೂಡ್ರೈವರ್
ಶುಕ್ರವಾರ, ರಾತ್ರಿ 8:50

ಸೋತೆ. ಅತ್ತೆಯದೇ ತಪ್ಪು.


ಬೈಟೂಕಾಫಿ
ಶುಕ್ರವಾರ, ರಾತ್ರಿ 9:25

ಸುಮ್ಮನಿತ್ತು ಅಂತ ಯಾರು ಹೇಳಿದರು? ನಿಮಗೆ ಕೇಳಿಸಲಿಲ್ಲ ಅಷ್ಟೇ.

ನಾಲ್ಕು ಸ್ಟಿಕ್ ಆದಾಗ ವಿಳಾಸಗಳನ್ನು ಹಂಚುವ ಕ್ರಮ ಬದಲಾಗುತ್ತದೆ. ಮೊದಲು ಆ ಕೆಟ್ಟ ಕಣದಲ್ಲಿ ಯಾವುದೋ ಚಿತ್ರದ ತುಣುಕೋ, ಖಾಲಿ ಜಾಗವೋ ಇರುತ್ತಿತ್ತು. ಒಂದು ಚುಕ್ಕೆಯ ಬಣ್ಣ ಚೂರು ಬದಲಾದರೆ ಯಾರಿಗೆ ಗೊತ್ತಾಗುತ್ತದೆ? ಈಗ ಅಲ್ಲಿ ವಿಂಡೋಸಿನ ಮುಖ್ಯ ಲೆಕ್ಕ ಬಂದು ಕೂತಿರಬಹುದು. ಜೊತೆಗೆ 3200ರ ಎಡವಟ್ಟು ಬೇರೆ ಸೇರಿಕೊಂಡಿತು. ನೀಲಿ ಪರದೆ ಬಂದಿದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ. ಅದಾದರೂ ಕೂಗಿ ಹೇಳುತ್ತದೆ. ಸದ್ದಿಲ್ಲದೆ ಕೆಡಿಸುವುದೇ ಭಯ.

ದೊಡ್ಡವರಿಗೂ ಇದು ತಪ್ಪಿಲ್ಲ. 2003ರಲ್ಲಿ ಬೆಲ್ಜಿಯಂನ ಸ್ಖಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಎಲೆಕ್ಟ್ರಾನಿಕ್ ಮತ ಎಣಿಕೆಯಲ್ಲಿ 4096 ಮತ ಜಾಸ್ತಿ ಬಿತ್ತು. 4096 ಅಂದರೆ 2ರ 12ನೇ ಘಾತ, ಸರಿಯಾಗಿ ಒಂದು ಬಿಟ್. ಬಿಟ್ ಹೊರಳಿದ್ದೇ ಕಾರಣ ಇರಬೇಕು ಅಂತ ತನಿಖೆ ಮಾಡಿದವರು ಊಹಿಸಿದರು. ಗೂಗಲ್ ತನ್ನ ಸರ್ವರುಗಳ ಬಗ್ಗೆ 2009ರಲ್ಲಿ ಒಂದು ಅಧ್ಯಯನ ಹೊರತಂದಿತು. ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಅವರಿಗೆ ಅದು ಕಂಡಿದ್ದು ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇದ್ದದ್ದರಿಂದ. ನಮ್ಮ ಮನೆ ಮಷಿನ್‌ಗಳಲ್ಲಿ ಕಾವಲುಗಾರನೇ ಇಲ್ಲ.

20000 ಬಿಡಿಸಿ ಹೇಳುತ್ತೇನೆ. ಇದು ಹದಿನಾರರ ಲೆಕ್ಕದ ಸಂಖ್ಯೆ. ಬಲಗಡೆಯಿಂದ ಎರಡೆರಡು ಅಂಕಿ ಒಂದೊಂದು ಬೈಟ್. 00, 00, ಆಮೇಲೆ 02. ಅಂದರೆ ಮೂರನೇ ಬೈಟಿನಲ್ಲಿ 2ರ ಬೆಲೆಯ ಬಿಟ್ ಹೊರಳುತ್ತಿದೆ. ಎಂಟು ಚಿಪ್ಪಿನ ಸ್ಟಿಕ್ಕಿನಲ್ಲಿ ಒಂದೊಂದು ಚಿಪ್ ಒಂದೊಂದು ಬೈಟ್ ನೋಡಿಕೊಳ್ಳುತ್ತದೆ. ಹಾಗಾಗಿ ಕೆಟ್ಟಿದ್ದು ಒಂದೇ ಚಿಪ್.


ಕಾಗುಣಿತ
ಶುಕ್ರವಾರ, ರಾತ್ರಿ 10:40

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಇವರು ಡಿಟಿಪಿಯವರು ಅಂತ ನೋಡಿ ಒಂದು ಯೋಚನೆ ಬಂತು. ನಾನು ಕನ್ನಡ ಫಾಂಟುಗಳ ಕೆಲಸ ಮಾಡುವವನು.

ಯೂನಿಕೋಡಿನಲ್ಲಿ ಮ ಅಕ್ಷರದ ಕೊನೆಯ ಬೈಟ್ 10101110. ಬ ಅಕ್ಷರದ್ದು 10101100. ವ್ಯತ್ಯಾಸ ಒಂದೇ ಬಿಟ್, ಅದೇ 2ರ ಬೆಲೆಯದು! ಅಂದರೆ ನಿಮ್ಮ ಕೆಟ್ಟ ಕಣದ ಮೇಲೆ ಕೂತ ಮಳೆ ಹೊರಳಿದರೆ ಬಳೆ. ಮರ ಹೊರಳಿದರೆ ಬರ.

ಅದೇ ಬಿಟ್ ಹೊರಳಿದರೆ ಕ ಹೋಗಿ ಗ ಆಗುತ್ತದೆ. ತ ಹೋಗಿ ದ. ಪ ಹೋಗಿ ನ. ರ ಹೋಗಿ ಲ. ಡ ಹೋಗಿ ಣ. ಎಲ್ಲವೂ ಸರಿಯಾದ ಕನ್ನಡ ಅಕ್ಷರಗಳೇ, ಚೌಕದ ಡಬ್ಬಿ ಬರುವುದಿಲ್ಲ. ಹಾಗಾಗಿ ಕಣ್ಣಿಗೆ ತಪ್ಪಿಸಿಕೊಳ್ಳುತ್ತದೆ. ನಿಮ್ಮ ಪುಸ್ತಕಗಳಲ್ಲಿ ಹೀಗೆ ಏನಾದರೂ ಆಗಿದೆಯಾ?


ಸ್ಕ್ರೂಡ್ರೈವರ್
ಶುಕ್ರವಾರ, ರಾತ್ರಿ 10:55

ಸ್ವಲ್ಪ ಜಾಸ್ತಿ ಆಯಿತು ಇದು. ಡಾಕ್ಯುಮೆಂಟ್ ಫೈಲ್ ಒಳಗೆ ಜಿಪ್ ತಾನೆ? ಬಿಟ್ ಹೊರಳಿದರೆ ಫೈಲ್ ತೆರೆಯುವುದೇ ಇಲ್ಲ. ಮೇಲಾಗಿ ನುಡಿ ಕೀಲಿಮಣೆಯಲ್ಲಿ ಬಿ ಒತ್ತಿದರೆ ಬ, ಎಂ ಒತ್ತಿದರೆ ಮ. ನಡುವೆ ಎನ್ ಒಂದೇ ಇದೆ. ಟೈಪ್ ಮಾಡುವವರ ಬೆರಳು ಜಾರಿರುತ್ತದೆ.


ಕಾಗುಣಿತ
ಶುಕ್ರವಾರ, ರಾತ್ರಿ 11:10

ಜಿಪ್ ಆದ ಮೇಲೆ ಹೊರಳಿದರೆ ತೆರೆಯುವುದಿಲ್ಲ, ನಿಜ. ಅಚ್ಚುಮನೆಯವರ ಸಿಆರ್‌ಸಿ ಎರರ್ ಆ ಜಾತಿಯದು. ಆದರೆ ಫೈಲ್ ತೆರೆದುಕೊಂಡು ಕೆಲಸ ಮಾಡುವಾಗ ಅಕ್ಷರಗಳು ರ‍್ಯಾಮಿನಲ್ಲಿ ಬಿಚ್ಚಿಕೊಂಡೇ ಇರುತ್ತವೆ. ಆಗ ಹೊರಳಿ, ಆಮೇಲೆ ಸೇವ್ ಮಾಡಿದರೆ ತಪ್ಪು ಅಕ್ಷರಕ್ಕೇ ಸರಿಯಾದ ಸಿಆರ್‌ಸಿ ಹಾಕಿ ಜಿಪ್ ಮಾಡಿಡುತ್ತದೆ. ಜಗತ್ತಿನ ಯಾವ ತಂತ್ರಾಂಶಕ್ಕೂ ಅದು ತಪ್ಪು ಅಂತ ಗೊತ್ತಾಗುವುದಿಲ್ಲ. ಓದುವ ಮನುಷ್ಯನಿಗೆ ಮಾತ್ರ.

ಬೆರಳಿನ ಮಾತು ಒಪ್ಪುತ್ತೇನೆ. ಒಂದು ತಪ್ಪು ಸಿಕ್ಕರೆ ಏನೂ ಹೇಳಲಾಗದು. ಎರಡು ಮೂರು ಸಿಕ್ಕಿ, ಎಲ್ಲವೂ ಅದೇ ಬಿಟ್ ಆದರೆ?


ಅಚ್ಚುಮನೆ
ಶನಿವಾರ, ಬೆಳಿಗ್ಗೆ 11:50

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆಯೇ ಅಂಗಡಿಗೆ ಹೋಗಿ ಹಳೇ ಪ್ರೂಫ್ ಕಟ್ಟು ಬಿಚ್ಚಿದೆ.

ಆಗಸ್ಟಿನಲ್ಲಿ ಒಂದು ಕಥಾಸಂಕಲನ ಮಾಡಿದ್ದೆವು, 240 ಪುಟ. ಎರಡನೇ ಪ್ರೂಫಿನಲ್ಲಿ, ಮದುವೆ ಮಂಟಪದ ಸನ್ನಿವೇಶದಲ್ಲಿ, ವರ ‘ದಾಳಿ ಕಟ್ಟಿದ’ ಅಂತ ಬಂದಿತ್ತು. ಪ್ರೂಫ್ ನೋಡುವ ನಿವೃತ್ತ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಸತ್ಯವೇ ಇರಬಹುದು’ ಅಂತ ಬರೆದಿದ್ದರು. ನಾವೆಲ್ಲ ನಕ್ಕೆವು. ನಾನು ಟೈಪ್ ಮಾಡುವ ಹುಡುಗನಿಗೆ ಸರಿಯಾಗಿ ಬೈದೆ. ಅವನು, ಸರ್, ನಾನು ಆ ಪುಟ ಮುಟ್ಟಿಯೇ ಇಲ್ಲ ಅಂದ. ನಂಬಲಿಲ್ಲ.

ಇವತ್ತು ಮೊದಲ ಪ್ರೂಫ್ ತೆಗೆದು ನೋಡಿದೆ. ಅದರಲ್ಲಿ ‘ತಾಳಿ ಕಟ್ಟಿದ’ ಅಂತಲೇ ಇದೆ. ಆ ಪುಟದಲ್ಲಿ ಒಂದೂ ತಿದ್ದುಪಡಿ ಇರಲಿಲ್ಲ, ಹಾಗಾಗಿ ಯಾರೂ ಮುಟ್ಟುವ ಕಾರಣವೇ ಇಲ್ಲ.

ಎರಡೂ ಪ್ರೂಫ್ ಕೂಡಿಸಿ ಇಡೀ ಪುಸ್ತಕ ನೋಡಿದೆವು. ಇನ್ನೆರಡು ಸಿಕ್ಕವು. ಒಂದು ಕಡೆ ‘ಕಾಳು’ ಹೋಗಿ ‘ಗಾಳು’. ಇನ್ನೊಂದು ಕಡೆ, ಕಾಗುಣಿತ ಅವರೇ, ನೀವು ಹೇಳಿದ್ದೇ. ‘ಮಳೆ ಬಂತು’ ಅಂತ ಇದ್ದದ್ದು ‘ಬಳೆ ಬಂತು’. ಅದು ಮೇಷ್ಟ್ರ ಕಣ್ಣಿಗೂ ತಪ್ಪಿತ್ತು. ಹಾಗೇ ಅಚ್ಚಾಗಿಬಿಟ್ಟಿದೆ. ಕಥೆಯಲ್ಲಿ ಹಿಂದಿನ ಸಾಲಿನಲ್ಲಿ ಬಳೆಗಾರ ಬೇರೆ ಬರುತ್ತಾನೆ, ಓದಿದವರು ಸರಿಯೇ ಅಂದುಕೊಂಡಿರಬೇಕು.

ಆಗಸ್ಟಿನಲ್ಲಿ ಹೊಸ ಸ್ಟಿಕ್ ಇರಲೇ ಇಲ್ಲ.


ಸ್ಕ್ರೂಡ್ರೈವರ್
ಶನಿವಾರ, ಮಧ್ಯಾಹ್ನ 12:10

ಕೀಲಿಮಣೆಯಲ್ಲಿ ಟಿ ಒತ್ತಿದರೆ ತ, ಡಿ ಒತ್ತಿದರೆ ದ. ಬೇರೆ ಬೇರೆ ಸಾಲು. ಕೆ ಮತ್ತು ಜಿ ನಡುವೆ ಎರಡು ಕೀಲಿ. ಮೂರೂ ಅದೇ ಬಿಟ್. ಇವತ್ತಿಗೆ ಎರಡನೇ ಸಲ ಸೋತೆ. ನನ್ನ ಮಷಿನ್ನಿಗೂ ಇವತ್ತು ರಾತ್ರಿ ಮೆಮ್‌ಟೆಸ್ಟ್.


ಬೈಟೂಕಾಫಿ
ಶನಿವಾರ, ಮಧ್ಯಾಹ್ನ 1:00

ಹತ್ತು ವರ್ಷದಲ್ಲಿ ಮೆಮೊರಿ ತಪ್ಪನ್ನು ಕನ್ನಡದಲ್ಲಿ ಓದಿದ್ದು ಇದೇ ಮೊದಲು.

ಈಗ ಮುಂದಿನ ಕೆಲಸ. ಹೊಸ ಎರಡು, ಇ ಮತ್ತು ಈ, ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಎಕ್ಸ್‌ಎಂಪಿ ಆನ್ ಮಾಡಿ, ಎರಡೇ ಆದ್ದರಿಂದ 3200 ಓಡಬೇಕು. ಒಂದು ರಾತ್ರಿ ಮೆಮ್‌ಟೆಸ್ಟ್. ಅದು ಸ್ವಚ್ಛವಾಗಿ ಬಂದರೆ ಮಾತ್ರ ಬ್ಯಾಕಪ್ ಡಿಸ್ಕ್ ಚುಚ್ಚಿ.

ಹಳೇ ಜೋಡಿಯ ಬಿಲ್ ಹುಡುಕಿ. ಎಷ್ಟೋ ಕಂಪನಿಗಳು ಡೆಸ್ಕ್‌ಟಾಪ್ ರ‍್ಯಾಮಿಗೆ ಲೈಫ್‌ಟೈಮ್ ವಾರಂಟಿ ಕೊಡುತ್ತವೆ. ಐದು ವರ್ಷ ಆಯಿತು ಅಂತ ಬಿಟ್ಟುಬಿಡಬೇಡಿ. ಈಗಿನ ರ‍್ಯಾಮ್ ರೇಟು ನೋಡಿದರೆ ಹಳೇ ಬಿಲ್ಲಿಗೂ ಚಿನ್ನದ ಬೆಲೆ. ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಕಳಿಸಿ ಅನ್ನುತ್ತಾರೆ, ಅ ಮತ್ತು ಆ ಎರಡನ್ನೂ. ಮೆಮ್‌ಟೆಸ್ಟ್ ಫೋಟೊ ಜೊತೆಗಿಡಿ. ಅದರ ಮೇಲಿನ ಸ್ಟಿಕ್ಕರ್ ಕೀಳಬೇಡಿ, ನಿಮ್ಮ ಮಾಸ್ಕಿಂಗ್ ಟೇಪ್ ಮಾತ್ರ ತೆಗೆಯಿರಿ.

ಬದಲಿ ಬಂದ ಮೇಲೆ ನಾಲ್ಕೂ ಹಾಕುವುದಾದರೆ 2933ಕ್ಕೆ ಇಳಿಸಿ. ನಿಮ್ಮ ಕೆಲಸದಲ್ಲಿ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಮುಂದಿನ ಮಷಿನ್ ಕೊಳ್ಳುವಾಗ ಇಸಿಸಿ ಒಪ್ಪುವ ಬೋರ್ಡ್ ಕೇಳಿ. ಡಿಡಿಆರ್5ರಲ್ಲಿ ಇಸಿಸಿ ಇದ್ದೇ ಇದೆ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಅದು ಚಿಪ್ಪಿನ ಒಳಗಿನ ರಿಪೇರಿ ಮಾತ್ರ, ಪೂರ್ತಿ ಕಾವಲು ಅಲ್ಲ.


ಕಡಲತಡಿ
ಶನಿವಾರ, ಮಧ್ಯಾಹ್ನ 1:15

ಆ ‘ಆ’ ಸ್ಟಿಕ್ಕನ್ನು ಒಮ್ಮೆ ರಬ್ಬರಿನಲ್ಲಿ ಉಜ್ಜಿ ನೋಡಿದಿರಾ?


ಅಚ್ಚುಮನೆ
ಶನಿವಾರ, ಮಧ್ಯಾಹ್ನ 1:30

ಉಜ್ಜಿದೆ, ಕಡಲತಡಿಯವರೇ. ನಿಮ್ಮ ಸಮಾಧಾನಕ್ಕೆ. ಸ್ಪಿರಿಟ್ ಹಾಕಿಯೂ ಒರೆಸಿದೆ. 20000 ಹೋಗಲಿಲ್ಲ.


ಅಚ್ಚುಮನೆ
ಮುಂದಿನ ಮಂಗಳವಾರ, ಸಂಜೆ 7:20

ಹೊಸ ಜೋಡಿ 3200ರಲ್ಲಿ ಎರಡು ರಾತ್ರಿ ಓಡಿತು, ಸೊನ್ನೆ ತಪ್ಪು. ಎಸ್‌ಎಚ್‌ಎ ಲೆಕ್ಕ ಹತ್ತು ಸಲ ಹಾಕಿಸಿದೆ, ಹತ್ತೂ ಒಂದೇ. ನೀಲಿ ಪರದೆ ಮತ್ತೆ ಬಂದಿಲ್ಲ. ಹಳೇ ಜೋಡಿ ವಾರಂಟಿಗೆ ಹೋಯಿತು. ಮೂರು ವಾರ ಆಗಬಹುದು ಅಂದಿದ್ದಾರೆ. ಪುಸ್ತಕ ಬರೆದವರಿಗೆ ಫೋನ್ ಮಾಡಿ ಬಳೆಯ ವಿಷಯ ಹೇಳಿದೆ. ಎರಡನೇ ಮುದ್ರಣದಲ್ಲಿ ಮಳೆ ಬರಲಿ ಅಂದರು.

ಟೈಪ್ ಮಾಡುವ ಹುಡುಗನನ್ನು ಕರೆದು ಗಿರ್ಮಿಟ್ಟು, ಮಿರ್ಚಿ ಕೊಡಿಸಿ, ಬೈದದ್ದು ನನ್ನ ತಪ್ಪು ಅಂದೆ. ಈ ಚರ್ಚೆಯನ್ನೂ ತೋರಿಸಿದೆ. ಪೂರ್ತಿ ಓದಿದ. ಆಮೇಲೆ, ಹಂಗಾದ್ರ ಸರ್, ಪುಟ 112ರಾಗ ‘ವಿಷೇಶ’ ಅಂತ ಬಂದಿದ್ದೂ ರ‍್ಯಾಮಿಂದೇ ಅಂತ ಬರಕೊಳ್ರಿ ಅಂದ.

ಕಾಗುಣಿತ ಅವರೇ, ಶ ಮತ್ತು ಷ ನಡುವಿನ ಬಿಟ್ ಯಾವುದು?


ಕಾಗುಣಿತ
ಮುಂದಿನ ಮಂಗಳವಾರ, ಸಂಜೆ 7:45

ಶ 10110110. ಷ 10110111. ಕೊನೆಯ ಬಿಟ್, 1ರ ಬೆಲೆಯದು. ಅದು ಅವನದೇ.